ನನ್ನ ಪಾಡಿಗೆ ನಾನು

ಬಹಳ ಹಿಂದೆ, ಹೊಳೆಗಳು ಮನಸ್ಸು ಬಂದತ್ತ ಹರಿಯುತ್ತಿದ್ದ ಕಾಲದಲ್ಲಿ, ಸುಳಿಪುರವೆಂಬ ರಾಜ್ಯವಿತ್ತು. ಅಲ್ಲಿನ ದೊರೆ ಅಪ್ಪಣೆರಾಯ. ಅವನು ಮನೆಮನೆಯ ಸೂರಿಗೂ ಒಂದೊಂದು ಮರದ ಗಿಳಿ ಕೂರಿಸಿದ್ದ. ಯಾರು ಏನು ಮಾಡಹೊರಟರೂ ಗಿಳಿ, "ಅಪ್ಪಣೆ ಇದೆಯಾ?" ಎನ್ನುತ್ತಿತ್ತು.

ಹರಿಗೋಲು ನಡೆಸುವ ಬೊಮ್ಮಣ್ಣನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹಾಡಿದರೆ "ಅಪ್ಪಣೆ ಇದೆಯಾ?" ಹರಿಗೋಲು ನೀರಿಗಿಳಿಸಿದರೆ "ಅಪ್ಪಣೆ ಇದೆಯಾ?" ಒಂದು ದಿನ ಸೀನಿದಾಗಲೂ ಗಿಳಿ ಬಾಯಿ ತೆರೆಯಿತು. ಬೊಮ್ಮಣ್ಣನ ಪಿತ್ತ ನೆತ್ತಿಗೇರಿತು. ಹೊಳೆ ನಡುವಿನ ಬಂಡೆಯ ಮೇಲಿದ್ದ ಮಾಯಾವಿ ಏಕಾಂಗನ ಬಳಿ ನೆಟ್ಟಗೆ ಹೋದ. ಒಂಟಿಯಾದವರ ಉಸಿರೇ ಆ ಏಕಾಂಗನ ಊಟ. ಪಾಪ, ಬೊಮ್ಮಣ್ಣನಿಗೆ ಅದು ಗೊತ್ತಿರಲಿಲ್ಲ.

"ಏನು ಬೇಕಪ್ಪ?"

"ನನ್ನ ಪಾಡಿಗೆ ನನ್ನನ್ನ ಬಿಟ್ಟರೆ ಸಾಕು ಸ್ವಾಮಿ. ನನ್ನೊಬ್ಬನನ್ನಲ್ಲ, ಊರವರನ್ನೆಲ್ಲ."

"ಎಲ್ಲರನ್ನೂ ಅವರವರ ಪಾಡಿಗೆ ಬಿಟ್ಟೆ, ಹೋಗು," ಎಂದು ಏಕಾಂಗ ನಕ್ಕ.

ಗಿಳಿಗಳೆಲ್ಲ ಮೂಕವಾದವು. ಊರಿಗೆ ಊರೇ ಕುಣಿಯಿತು. ಬೊಮ್ಮಣ್ಣನ ಹೆಂಡತಿ ನಿಂಗವ್ವ ಮಾತ್ರ ಕುಣಿಯಲಿಲ್ಲ.

"ಗಿಳಿ ಹೋದದ್ದು ಸರಿ. ಹೊಳೇಲಿ ಸುಳಿ ಎದ್ದರೆ ದೊರೆಯ ನಗಾರಿ ಬಾರಿಸೋರು ಯಾರು? ಜನ ಓಡಿ ಬರ್ತಿದ್ದದ್ದು ಅದನ್ನ ಕೇಳಿ ಅಲ್ವಾ?"

"ಅವರವರ ಹರಿಗೋಲು ಅವರವರು ನೋಡ್ಕೋತಾರೆ ಬಿಡೇ," ಎಂದ ಬೊಮ್ಮಣ್ಣ.

ಒಂದು ಮಧ್ಯಾಹ್ನ ನಿಂಗವ್ವ ಆಚೆ ದಡದಿಂದ ಸೌದೆ ತರುತ್ತಿದ್ದಾಗ ಸುಳಿ ಎದ್ದು ಹರಿಗೋಲನ್ನು ಗಿರಗಿರನೆ ತಿರುಗಿಸಿತು. ಬೊಮ್ಮಣ್ಣ ದಡದಿಂದ ಹಗ್ಗ ಎಸೆದ. ಅವಳು ಹಿಡಿದಳು. ಒಬ್ಬನ ಎಳೆತಕ್ಕೆ ಸುಳಿ ಬಿಟ್ಟುಕೊಡುತ್ತದೆಯೇ?

ಮೊದಲು ನೆರೆಯವರನ್ನು ಕೂಗಿದ. ದಡದ ತುಂಬ ಜನರಿದ್ದರು, ಆದರೆ ಏಕಾಂಗನ ಮಾಯೆಯಿಂದ ನೆರವಿಗೆ ಕರೆದ ಕೂಗು ಮಾತ್ರ ಒಬ್ಬರಿಗೂ ಕೇಳಲಿಲ್ಲ. ಆಮೇಲೆ ದೊರೆಯನ್ನು ಕೂಗಿದ. ದೊರೆ ಮಾಳಿಗೆಯಲ್ಲಿ ತನ್ನ ಪಾಡಿಗೆ ತಾನು ವೀಳ್ಯ ಮೆಲ್ಲುತ್ತಿದ್ದ. ಕೊನೆಗೆ ಏಕಾಂಗನನ್ನೇ ಕೂಗಿದ.

"ನೀನು ಕೇಳಿದ್ದನ್ನೇ ಕೊಟ್ಟಿದ್ದೇನಲ್ಲ!" ಎಂದ ಏಕಾಂಗ.

ಹಗ್ಗ ಜಾರತೊಡಗಿತು. ಬೊಮ್ಮಣ್ಣನಿಗೆ ಅಳು ಬಂತು. ಅಷ್ಟರಲ್ಲಿ ಪಕ್ಕದ ಕೆಸರಿನಲ್ಲಿ ಹೂತ ಎಮ್ಮೆಯನ್ನು ಎಳೆಯುತ್ತಿದ್ದ ಮುದುಕಿ ದ್ಯಾವಕ್ಕ ಕಂಡಳು. ಅವಳು ಬಾಯಿಬಿಟ್ಟು ಕೂಗುತ್ತಿದ್ದಳು, ಅವನಿಗೂ ದನಿ ಕೇಳಲಿಲ್ಲ. ಬೆಳಿಗ್ಗೆಯೂ ಅವಳು ಹಾಗೇ ನಿಂತಿದ್ದಳು. ಅವನು ದಾಟಿಕೊಂಡು ಹೋಗಿದ್ದ. ಬೊಮ್ಮಣ್ಣನಿಗೆ ನಾಚಿಕೆಯಾಯಿತು. ಹಗ್ಗವನ್ನು ಸೊಂಟಕ್ಕೆ ಬಿಗಿದು, ಅವಳತ್ತ ಕೈ ಚಾಚಿದ.

"ಹಿಡಿ ದ್ಯಾವಕ್ಕ, ನಿನ್ನೆಮ್ಮೆ ನಾನೂ ಎಳೀತೀನಿ."

ಕೈಗೆ ಕೈ ತಾಗಿದ್ದೇ ತಡ, ಮಾಯೆ ಒಡೆಯಿತು.

"ಅಯ್ಯೋ, ನಿಂಗಿ!" ಎಂದು ದ್ಯಾವಕ್ಕ ಚೀರಿದ್ದು ಊರಿಗೆಲ್ಲ ಕೇಳಿತು. ಎಲ್ಲರೂ ಓಡಿಬಂದು ಹಗ್ಗ ಹಿಡಿದರು. ದೊರೆಯೂ ಪಂಚೆ ಎತ್ತಿಕಟ್ಟಿ ಬಂದ. ನಿಂಗವ್ವ ಸೌದೆ ಸಮೇತ ದಡ ಸೇರಿದಳು, ಹಿಂದೆಯೇ ಎಮ್ಮೆಯೂ ಮೇಲೆ ಬಂತು. ಏಕಾಂಗ ಕೂತಲ್ಲೇ ಕಲ್ಲಾದ. ಈಗ ಅವನ ಕಿವಿಗೆ ಹರಿಗೋಲು ಕಟ್ಟುತ್ತಾರೆ.

"ಗಿಳಿಗಳಿಗೆ ಮತ್ತೆ ಮಾತು ಕೊಡಲೇನು?" ದೊರೆ ಕೇಳಿದ.

ನಿಂಗವ್ವ ಸೆರಗು ಹಿಂಡುತ್ತ ಹೇಳಿದಳು: "ದಡಕ್ಕೊಂದು ಸಾಕು ದೊರೆಗಳೇ. ಅದು ಅಪ್ಪಣೆ ಕೇಳಬಾರದು. ಕೈ ಬೇಕಾ ಅಂತ ಕೇಳಬೇಕು."

ಅಂದಿನಿಂದ ಸುಳಿಪುರದವರೆಲ್ಲ ಸುಖವಾಗಿದ್ದಾರೆ. ಬೊಮ್ಮಣ್ಣ ಮಾತ್ರ ಇನ್ನೂ ಕೂತಲ್ಲಿ ಕೂರಲಾರ. ಹಾಡು ಶುರುಮಾಡಿದರೆ ಸಾಕು, ಗಿಳಿ "ಕೈ ಬೇಕಾ?" ಎನ್ನುತ್ತದೆ.

"ಥತ್, ನನ್ನ ಪಾಡಿಗೆ..." ಎನ್ನಲು ಹೋಗಿ, ನಿಂಗವ್ವನ ಮುಖ ಕಂಡು, ನಾಲಿಗೆ ಕಚ್ಚಿಕೊಳ್ಳುತ್ತಾನೆ.