ಬೀಗಿತ್ತಿಯ ಅಂಗಾಲು

ಶಂಕ್ರವ್ವನ ಕೈಪಟ್ಟಿ ಮತ್ತೆ ಚಿವುಟಿತು. ಅವಳು ಅಡುಗೆಮನೆಯಲ್ಲಿ ಬರಿಗಾಲಲ್ಲಿ ಕುಳಿತಿದ್ದಳು. ಚಪ್ಪಲಿ ಹೊಸ್ತಿಲಾಚೆ ಇತ್ತು. ಚಪ್ಪಲಿಯೊಳಗೆ ಕಾಲೇ ಇಲ್ಲದಿರುವಾಗ ಈ ನೋವು ಯಾರದು?

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರ ಅಂಗಾಲ ಹುಣ್ಣಿಗೆ ಬೇಕು. ನರಗಳು ಜಡವಾದ ಪಾದಕ್ಕೆ ಮುಳ್ಳು ನೆಟ್ಟರೂ ತಿಳಿಯದು. ತಿಳಿಯುವಷ್ಟರಲ್ಲಿ ಕಾಲಿಗೇ ಸಂಚಕಾರ. ಅದಕ್ಕೆಂದೇ ರಾಣೆಬೆನ್ನೂರಿನ ವಿಜ್ಞಾನಿ ಮೃತ್ಯುಂಜಯ 'ಪಾದಗಾವಲು' ರೂಪಿಸಿದ್ದ. ಚಪ್ಪಲಿಯ ಅಟ್ಟೆಯೊಳಗಿನ ಸಂವೇದಿ ಪದರ ಪಾದದ ಬಿಸಿ, ಒತ್ತಡಗಳನ್ನು ಅಳೆದು, ಕಾಲು ಮರೆತ ನೋವನ್ನು ಎಷ್ಟೇ ದೂರದ ಕೈಪಟ್ಟಿಗೂ ಮುಟ್ಟಿಸುತ್ತಿತ್ತು.

ಶಂಕ್ರವ್ವ ಚಡಪಡಿಸುತ್ತ ಅವನ ಪ್ರಯೋಗಾಲಯಕ್ಕೆ ಹೋದಳು. ಅವನು ಅಟ್ಟೆ ಬಿಚ್ಚಿ ನೋಡಿದ. ಒಳಗೆ ಪದರವೇ ಇರಲಿಲ್ಲ.

"ಇವು ನಿಮ್ಮವಲ್ಲ. ಯಾರವೋ ಮೆಟ್ಟಿಕೊಂಡು ಬಂದೀರಿ."

ಹಾವೇರಿಯ ಕಲ್ಯಾಣ ಮಂಟಪದಲ್ಲಿ ಬಸುರಿ ಮಗಳ ಕುಬಸ ಮುಗಿಸಿ, ಬಸ್ಸು ತಪ್ಪೀತೆಂದು ಅವಸರದಲ್ಲಿ ಚಪ್ಪಲಿ ರಾಶಿಗೆ ಕಾಲು ತೂರಿಸಿದ್ದು ಅವಳಿಗೆ ನೆನಪಾಯಿತು. ನಗು ಬಂತು. ಮರುಕ್ಷಣ ನಗು ನಿಂತಿತು.

"ನನ್ನ ಕಾಲಿಗೆ ಅರಿವಿಲ್ಲ, ಗೊತ್ತಾಗಲಿಲ್ಲ. ನನ್ನವು ಮೆಟ್ಟಿದಾಕಿಗೂ ಗೊತ್ತಾಗಿಲ್ಲ ಅಂದ್ರ?"

ಅವಳು ಕುಬಸಕ್ಕೆ ಬಂದವರಿಗೆಲ್ಲ ಫೋನು ಮಾಡಿದಳು. ಅವರವರ ಚಪ್ಪಲಿ ಅವರವರ ಬಳಿಯೇ ಇತ್ತು. ಕೊನೆಗೆ ಸಿಕ್ಕವಳು ಬ್ಯಾಡಗಿಯ ಬೀಗಿತ್ತಿ ನೀಲವ್ವ. ತನಗೆ ಸಕ್ಕರೆಯೂ ಇಲ್ಲ, ಗಿಕ್ಕರೆಯೂ ಇಲ್ಲ ಎಂದು ಊರಿಗೆಲ್ಲ ಕೇಳುವಂತೆ ಹೇಳಿ ಎರಡೆರಡು ಹೋಳಿಗೆ ಉಂಡವಳು.

"ಅಕ್ಕಾರ, ಚಪ್ಪಲಿ ಮೆಟ್ಟಿ ನಾಕು ಹೆಜ್ಜಿ ನಡೀರಿ."

ಶಂಕ್ರವ್ವನ ಕೈಪಟ್ಟಿ ಹೆಜ್ಜೆಹೆಜ್ಜೆಗೂ ಚಿವುಟಿತು.

"ನಿಲ್ರಿ."

ಚಿವುಟುವುದು ನಿಂತಿತು. ಶಂಕ್ರವ್ವ ಅವಸರಪಡಿಸಿದಳು, "ಅಂಗಾಲು ನೋಡ್ಕೋರಿ."

ಆಚೆ ಅವಳು ಕಾಲು ಮಡಚಿ ನೋಡಿಕೊಂಡಳು. ನೀಲವ್ವನ ಹಿಮ್ಮಡಿಯಲ್ಲಿ ಮುರಿದ ಮುಳ್ಳಿತ್ತು, ಸುತ್ತ ಕೀವುಗಟ್ಟಿತ್ತು. ಇನ್ನಷ್ಟು ತಡವಾಗಿದ್ದರೆ ಕಾಲು ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯವರು. ರಕ್ತದಲ್ಲಿ ಸಕ್ಕರೆ ಏರಿ ಕುಳಿತು ವರ್ಷಗಳೇ ಆಗಿದ್ದವು.

ಗುಣವಾದ ಮೇಲೆ ಮೃತ್ಯುಂಜಯ ಅವಳಿಗೂ ಒಂದು ಪಾದಗಾವಲು ಕೊಡಲು ಹೊರಟ. ಶಂಕ್ರವ್ವ ತಡೆದಳು.

"ಆಕೀ ಕೈಪಟ್ಟಿ ನನಗ ಕೊಡ್ರಿ, ನಂದು ಆಕಿಗೆ."

ಅವನಿಗೆ ಅರ್ಥವಾಗಲಿಲ್ಲ.

"ನಂದು ಚಿವುಟಿದ್ರ ಬಿಚ್ಚಿ ಗೂಡಿನ್ಯಾಗ ಇಟ್ಟುಬಿಡ್ತಿದ್ದೆ. ಆಕೀದು ಚಿವುಟಿದಾಗ ಕುಂತಲ್ಲಿ ಕುಂದ್ರಾಕ ಆಗಲಿಲ್ಲ."

ಅವನ ಲೆಕ್ಕಾಚಾರದಲ್ಲಿ ಇದು ಎಲ್ಲಿಯೂ ಇರಲಿಲ್ಲ. ಪಟ್ಟಿ ಅದಲುಬದಲಾಯಿತು. ಶಂಕ್ರವ್ವ ಸಂತೆ ಸುತ್ತಿ ಇನ್ನೂ ಮನೆ ಮುಟ್ಟಿರಲಿಲ್ಲ, ಬ್ಯಾಡಗಿಯಿಂದ ಫೋನು.

"ಎಷ್ಟು ತಿರಗಾಕ ಹತ್ತೀರಿ? ಕುಂದರ್ರಿ ಮೊದಲ," ಎಂದಳು ನೀಲವ್ವ.