ರಾಮವ್ವನ ಊದಿದ ಕೆನ್ನೆಗಳು

ರಾಮವ್ವನ ಎರಡೂ ಕೆನ್ನೆಗಳು ಕಿವಿಯ ಕೆಳಗೆ ಮೆಲ್ಲಗೆ ಊದಿಕೊಳ್ಳತೊಡಗಿದ ಮೇಲೆ ಅವಳ ಗಂಡ ಅಮಸಿದ್ದಪ್ಪ ತನ್ನ ಹಾಸಿಗೆಯನ್ನು ಮಗ್ಗದ ಕೋಣೆಗೆ ಒಯ್ದ. ಊತಕ್ಕೆ ನೋವಿರಲಿಲ್ಲ. ಆದರೆ ಸೀರೆ ನೇಯುತ್ತಲೇ ಅವಳನ್ನು ಕದ್ದು ನೋಡಿ, ಸಿಕ್ಕಿಬಿದ್ದರೆ ನಗುತ್ತಿದ್ದವನು ಈಗ ಮುಖ ಎತ್ತುತ್ತಿರಲಿಲ್ಲ.

“ನನ್ನ ಮಾರಿ ನೋಡಾಕ ಹೇಸಿಗಿ ಬರ್ತೈತೇನ್ರಿ?”

“ಹಂಗಲ್ಲ,” ಎಂದವನೇ ಅವನು ತಲೆ ತಗ್ಗಿಸಿದ.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆ. ಹುನಗುಂದದಿಂದ ಅವಳ ಅಣ್ಣ ಚಂದಪ್ಪ ಇಳಕಲ್ಲಿಗೆ ಬಂದ. ತಂಗಿಯ ಮುಖ ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟ.

“ಯಾರು ಹೊಡದ್ರು?”

“ಯಾರೂ ಹೊಡದಿಲ್ಲಣ್ಣ. ತಾನ ಬಾತೈತಿ.”

“ಹೊಡಸ್ಕೊಂಡಾಕಿ ಹೇಳೋದು ಹಿಂಗ!”

ಚಂದಪ್ಪ ಒಲೆಯ ಬದಿಯ ಸೌದೆ ಎತ್ತಿಕೊಂಡು ಮಗ್ಗದ ಕೋಣೆಗೆ ನುಗ್ಗಿದ. ಅಮಸಿದ್ದಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮೊದಲ ಏಟು ಹೆಗಲಿಗೆ ಬಿತ್ತು. ಮರು ಏಟಿಗೆ ಎಡಗೈ ಮೂಳೆ ಲಟಕ್ಕೆಂದು ಮುರಿಯಿತು. ಹಣೆ ಒಡೆದು ಬಿಳಿ ನೂಲಿನ ಮೇಲೆ ರಕ್ತ ಹರಿಯಿತು. ಅವನು ತಿರುಗಿ ಕೈ ಎತ್ತಲಿಲ್ಲ.

“ಹೊಡೀರಿ. ನನಗ ಹಿಂಗ ಆಗಬೇಕು,” ಎಂದ.

“ಕೇಳಿದಿ? ತಾನ ಒಪ್ಪಿದ!” ಚಂದಪ್ಪ ಮತ್ತೆ ಬೀಸಿದ.

ರಾಮವ್ವ ಕುಣಿಗೆ ಹಾರಿ ಗಂಡನ ತಲೆಯನ್ನು ಎದೆಗವಚಿಕೊಂಡಳು. ಆ ಏಟು ಅವಳ ಬೆನ್ನಿಗೆ ಬಿತ್ತು. ಅವಳು ಅಣ್ಣನ ಮುಂಗೈಗೆ ಬಾಯಿ ಹಾಕಿ, ರಕ್ತ ಬರುವ ತನಕ ಕಚ್ಚಿದಳು. ಸೌದೆ ಕೆಳಗೆ ಬಿತ್ತು.

“ಕೊಲ್ಲಾಂವ ಇದ್ರ ಮೊದಲ ನನ್ನ ಕೊಲ್ಲು!”

ಓಣಿಯವರು ಬಂದು ಚಂದಪ್ಪನನ್ನು ಎಳೆದು ಹಿಡಿದರು. ಗಾಯಾಳುವನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದರು. ಚಂದಪ್ಪನೂ ಹಿಂದೆಯೇ ಬಂದ. ಅಮಸಿದ್ದಪ್ಪನ ಕೈಗೆ ಪಟ್ಟಿ ಕಟ್ಟಿದ ಡಾಕ್ಟರು ರಾಮವ್ವನ ಕೆನ್ನೆಗಳನ್ನೂ ಒತ್ತಿ ನೋಡಿದರು, ಸೂಜಿ ಚುಚ್ಚಿ ಊತದೊಳಗಿನದನ್ನು ಪರೀಕ್ಷೆಗೆ ತೆಗೆದರು, ಮೂತ್ರವನ್ನೂ ನೋಡಿದರು. ಪರೀಕ್ಷೆ ಮುಗಿದ ದಿನ ಎಲ್ಲರ ಎದುರೇ ಹೇಳಿದರು:

“ಇದು ಪೆಟ್ಟಲ್ಲ. ಪೆಟ್ಟಾದ್ರ ನೋಯ್ತದ, ಚರ್ಮ ಕಂದ್ತದ. ಜೊಲ್ಲಿನ ಗ್ರಂಥಿಯೊಳಗ ಕೊಬ್ಬು ಸೇರೇದ. ಸಕ್ಕರಿ ಕಾಯಿಲೆ ಅದ ನಿನಗ, ಅದರಿಂದ ಹಿಂಗಾಗೇದ. ಊತದ ಅಂಜಿಕಿ ಬಿಡು, ಸಕ್ಕರಿ ಔಷಧ ಬಿಡಬ್ಯಾಡ.”

ಚಂದಪ್ಪ ಗೋಡೆಗೆ ಒರಗಿ ಕುಸಿದು ಕೂತ. ರಾಮವ್ವ ಅವನನ್ನು ಬಯ್ಯಲಿಲ್ಲ. “ಅಣ್ಣ, ಇವರಿಗೆ ಕುಡಿಯಾಕ ನೀರು ತಗೊಂಬಾ,” ಎಂದಳು. ಅವನು ಕಣ್ಣೊರೆಸಿಕೊಂಡು ಎದ್ದು ಹೋದ.

ಅಷ್ಟರಲ್ಲಿ ಅಮಸಿದ್ದಪ್ಪ ಬಿಕ್ಕಿ ಬಿಕ್ಕಿ ಅಳತೊಡಗಿದ್ದ.

“ನಮ್ಮಪ್ಪ ಅವ್ವನ್ನ ದನಾ ಬಡದಂಗ ಬಡೀತಿದ್ದ, ರಾಮಿ. ನಿನ್ನ ಮಾರಿ ಬಾತಾಗ, ನಿದ್ದಿಗಣ್ಣಾಗ ನಾನ ಹೊಡದಿರಬೇಕು ಅನಿಸ್ತು. ಅದಕ್ಕ ದೂರ ಮಲಗಿದೆ.”

“ನನ್ನ ಒಂದು ಮಾತು ಕೇಳಬಾರದಾಗಿತ್ತೇನ್ರಿ?”

“ನೀ ಹೌದು ಅಂದಿದ್ರ ನಾ ಬದಕ್ತಿದ್ದಿಲ್ಲ. ನಿನ್ನಷ್ಟು ಯಾರನ್ನೂ ಹಚ್ಚಿಕೊಂಡಿಲ್ಲ ನಾ.”

ಅವಳು ಅವನ ಬಲಗೈ ಹಿಡಿದು ತನ್ನ ಊದಿದ ಕೆನ್ನೆಗೆ ಒತ್ತಿಕೊಂಡಳು. ಬೆಂಕಿ ಮುಟ್ಟಿದವನಂತೆ ಅವನು ಬೆಚ್ಚಿದ.

“ನೋವಾತೇನು?”

“ಇಲ್ಲ. ಕೈ ತಗೀಬ್ಯಾಡ್ರಿ.”