ಫಕ್ಕೀರಪ್ಪನ ಒಗ್ಗುಮಣೆ

ಆ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ; ಬರೀ ಆಷಾಢದ ಗಾಳಿ. ಇಮಾಮಸಾಬರ ಹಳೆಯ ಲ್ಯಾಪ್‌ಟಾಪ್ ಅಂಗಡಿಯ ತಗಡಿನ ಫಲಕವನ್ನು ಅದು ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟನಂತೆ ಬಡಿಯುತ್ತಿತ್ತು. ಒಳಗೆ ಸಾಲಾಗಿ ತೆರೆದಿಟ್ಟ ಯಂತ್ರಗಳಲ್ಲಿ ಒಂದರ ಮೇಲೆ ದಾಕ್ಷಾಯಣಿ ಬೆರಳಿಟ್ಟಳು. ಕೀಲಿಗಳು ಮೊದಲು ಬಿಗಿಯಾಗಿ ನಿಂತವು. ಆಮೇಲೆ ಅವಳ ಬೆರಳಿನ ಭಾರವನ್ನು ಅರಿತು, ಜಾತ್ರೆ ಬಸ್ಸಿನಲ್ಲಿ ಒಬ್ಬರು ಸರಿದು ಕೂತು ಜಾಗ ಕೊಟ್ಟಂತೆ ತುಸು ತಗ್ಗಿದವು.

"ಕಾಕಾ, ಇದರ ಕೀಲಿ ಭಾಳ ಚಲೋ ಅದಾವ. ಒತ್ತಿದ್ರ ಆಳ ಹೋಗಿ, ಬೆರಳನ್ನ ತಾವ ಎತ್ತಿ ಕೊಡ್ತಾವ."

"ಸುಮ್ನಿರು. ಕಂಡಕೂಡ್ಲೆ ಹೊಗಳಿದ್ರ ಮಾರಾವ ಕಿವಿ ನಿಗರಿಸ್ತಾನ," ಎಂದು ಫಕ್ಕೀರಪ್ಪ ಪಿಸುಗುಟ್ಟಿದ.

ಫಕ್ಕೀರಪ್ಪ ಅವಳ ತಂದೆಯ ತಮ್ಮ. ರಾಣೆಬೆನ್ನೂರು ಸೀಮೆಗೆಲ್ಲ ಗೊತ್ತಿದ್ದ ಎತ್ತಿನ ದಲ್ಲಾಳಿ. ಟ್ರ್ಯಾಕ್ಟರುಗಳು ಚಾಲಕನಿಲ್ಲದೆ ತಾವೇ ಉಳತೊಡಗಿದ ಮೇಲೆ ಎತ್ತು ಕೊಳ್ಳುವವರು ಇಲ್ಲವಾದರು. ಹೆಗಲ ಮೇಲಿನ ಟವೆಲ್ ಮಾತ್ರ ಉಳಿಯಿತು. ಹಳೆಯದನ್ನು ಕೊಳ್ಳುವಾಗ ತಿಳಿದವರೊಬ್ಬರು ಜೊತೆಗಿರಲಿ ಎಂದು ಮನೆಯವರು ಅವನನ್ನು ಕಳಿಸಿದ್ದರು.

ಅದು ಯಾರ ದನಿಯನ್ನಾದರೂ ಯಂತ್ರಗಳು ನುಡಿಯಬಲ್ಲ ಕಾಲ. ಸತ್ತವರೂ ದೂರವಾಣಿಯಲ್ಲಿ ಸಾಕ್ಷಿ ಹೇಳತೊಡಗಿದ್ದರಿಂದ ನ್ಯಾಯಾಲಯಗಳು ದನಿಯ ದಾಖಲೆಯನ್ನು ಕೈಬಿಟ್ಟು, ಜೀವಂತ ಬೆರಳು ಒತ್ತಿದ ಅಕ್ಷರವನ್ನಷ್ಟೇ ನಂಬುತ್ತಿದ್ದವು. ಅದಕ್ಕಾಗಿ ಹುಟ್ಟಿದ್ದು ಒಗ್ಗುಮಣೆ. ಇದರ ಪ್ರತಿ ಕೀಲಿಯ ಕೆಳಗೂ ಕೂದಲಿಗಿಂತ ತೆಳುವಾದ ಸ್ಮೃತಿತಂತುಗಳು ಇರುತ್ತವೆ. ಒಡೆಯನ ಬೆರಳಿನ ಭಾರ, ಬಿಸುಪು, ನಡುಕಗಳನ್ನು ಅವು ಕಲಿಯುತ್ತವೆ. ಒಮ್ಮೆ ಒಗ್ಗಿದವೆಂದರೆ ಬೇರೆಯವರಿಗೆ ಬಗ್ಗುವುದಿಲ್ಲ. ದೊಡ್ಡ ಕಂಪನಿಗಳು ಇಂಥ ಹಗುರ ಲ್ಯಾಪ್‌ಟಾಪುಗಳನ್ನು ಅಧಿಕಾರಿಗಳಿಗೆ ಕೊಡುತ್ತಿದ್ದವು. ಅವರು ಕೆಲಸ ಬಿಟ್ಟಾಗ ತಂತುಗಳಿಗೆ 'ಮರೆವಿನ ಪ್ರವಾಹ'ವೆಂಬ ವಿದ್ಯುತ್ತು ಹಾಯಿಸಿ ಯಂತ್ರಗಳನ್ನು ಮಾರುತ್ತಿದ್ದವು. ಆ ಪ್ರವಾಹವನ್ನು ತಂತುಗಳು ತಾಳುವುದು ಒಂದೇ ಸಲ. ಎರಡನೆಯ ಸಲಕ್ಕೆ ಕಡಿದುಹೋಗುತ್ತವೆ.

ದಾಕ್ಷಾಯಣಿಗೆ ಗುರುವಾರ ನ್ಯಾಯಾಲಯದ ಬೆರಳಚ್ಚುಗಾರರ ಪರೀಕ್ಷೆ. ಅವರವರ ಒಗ್ಗುಮಣೆ ಅವರವರೇ ತರಬೇಕು. ಈ ಸಲ ತಪ್ಪಿದರೆ ಅವಳ ವಯಸ್ಸಿನ ಮಿತಿ ಮುಗಿಯುತ್ತಿತ್ತು.

ಫಕ್ಕೀರಪ್ಪ ಯಂತ್ರವನ್ನು ಅಂಗೈ ಮೇಲೆ ತೂಗಿ ನೋಡಿದ. "ಇದೇನ್ರಿ, ಹಪ್ಪಳ ಹಿಡಿದಂಗ ಆಗತೈತಿ. ದುಡಿತೈತೋ ಇಲ್ಲೋ?"

"ಅಜ್ಜಾರ, ಇವು ಹಗುರಿದ್ದಷ್ಟೂ ಬೆಲಿ ಹೆಚ್ಚು. ವಿಮಾನದಾಗ ಅಡ್ಡಾಡೋ ಸಾಹೇಬರ ಮಷಿನ್ ಇದು," ಎಂದರು ಇಮಾಮಸಾಬರು.

"ಹಂಗಾರ ಮೇವು ಸರಿಯಾಗಿ ಹಾಕಿಲ್ಲ." ಅವನು ಮುಚ್ಚಳವನ್ನು ಬಾಯಿ ಬಿಡಿಸಿದಂತೆ ಬಿಡಿಸಿ, ಅಕ್ಷರ ಅಳಿಸಿಹೋದ ಕೀಲಿಯೊಂದನ್ನು ತೋರಿಸಿದ. "ನೋಡ್ರಿ, ಹಲ್ಲು ಸವದಾವ. ವಯಸ್ಸು ಮುಚ್ಚಿಡಾಕ ಹತ್ತೀರಿ."

ಇಮಾಮಸಾಬರು ನಕ್ಕು, ಚಹಾ ತರಲು ಒಳಗೆ ಹೋದರು.

ಎತ್ತಿನ ವ್ಯಾಪಾರದಲ್ಲಿ ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಪರಸ್ಪರ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಅಲ್ಲಿ ಏನು ನಡೆಯಿತೆಂಬುದು ಆ ಇಬ್ಬರಿಗೂ ಮೇಲಿರುವ ಶಿವನಿಗೂ ಮಾತ್ರ ಗೊತ್ತು. ಆ ರೂಢಿಯಲ್ಲೇ ಬದುಕು ಸವೆಸಿದ್ದ ಫಕ್ಕೀರಪ್ಪ ಕೀಲಿಮಣೆಯ ಮೇಲೆ ಟವೆಲ್ ಹೊದಿಸಿ, ಎರಡೂ ಕೈಗಳನ್ನು ಒಳಗೆ ತೂರಿಸಿ, ಕಣ್ಣು ಮುಚ್ಚಿದ. ಒಂದೊಂದೇ ಕೀಲಿಯನ್ನು ಸವರಿದ, ಒತ್ತಿದ, ಅದು ಏಳುವತನಕ ಕಾದ. "ಹೋ... ಹೋ... ಬಸವಾ," ಎಂದು ಗುನುಗಿದ. ಚಹಾ ಕುದಿದು, ಸೋಸಿ, ಬಟ್ಟಲಿಗೆ ಇಳಿಯುವವರೆಗೂ ಹೀಗೇ ನಡೆಯಿತು. ಆಗ ಯಂತ್ರದ ಮೂಲೆಯಲ್ಲಿ ಹಸಿರು ದೀಪವೊಂದು ಹೊತ್ತಿತು.

"ನೋಡವ್ವಾ, ಒಪ್ಪಿತು," ಎಂದ ಫಕ್ಕೀರಪ್ಪ ಹೆಮ್ಮೆಯಿಂದ.

ಇಮಾಮಸಾಬರು ಬಟ್ಟಲು ಹಿಡಿದು ನಿಂತಲ್ಲೇ ನಿಂತರು. "ಯಾ ಅಲ್ಲಾ! ಅಜ್ಜಾರ, ಏನ್ ಮಾಡಿದ್ರಿ? ಮಂದಿ ಒಂದು ಸಾಲು ಒತ್ತಿ ನೋಡ್ತಾರ. ಯಾರೂ ಹಿಂಗ ಮೈ ತಡವಿಕೋತ ಕೂಡಂಗಿಲ್ರಿ! ಅದು ನಿಮಗ ಒಗ್ಗಿಬಿಟ್ಟೈತಿ."

ದಾಕ್ಷಾಯಣಿ ಓಡಿ ಬಂದು ಒತ್ತಿದಳು. "ಕಾಕಾ, ಗ್ವಾಡಿ ಒತ್ತಿದಂಗ ಆಗತೈತಿ!" ಫಕ್ಕೀರಪ್ಪ ಕಿರುಬೆರಳು ತಾಗಿಸಿದರೆ ಕೀಲಿ ಬೆಣ್ಣೆಯಂತೆ ಇಳಿಯಿತು. ಓದುಬರಹ ಅಷ್ಟಕ್ಕಷ್ಟೇ ಆಗಿದ್ದ ಅವನ ಬೆರಳಿನಿಂದ ಪರದೆಯ ತುಂಬ 'ಖ' ಮೂಡಿತು.

ಬೇರೆ ಯಂತ್ರ ಕೊಡುವಂತಿರಲಿಲ್ಲ. ಒಗ್ಗಿದ್ದನ್ನು ಯಾರು ಕೊಳ್ಳುತ್ತಾರೆ? ಇನ್ನೊಂದನ್ನು ಕೊಳ್ಳುವ ಶಕ್ತಿ ದಾಕ್ಷಾಯಣಿಗೆ ಇರಲಿಲ್ಲ. ಕಡೆಗೆ ಇಮಾಮಸಾಬರು, ಒಗ್ಗುಮಣೆಯನ್ನು ರೂಪಿಸಿದ ವಿಜ್ಞಾನಿ ಡಾಕ್ಟರ್ ಹೇಮಲತಾ ಇನಾಮದಾರರನ್ನು ಪರದೆಯ ಮೇಲೆ ಕರೆದರು. ಅವರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

"ಕದಿಯುವವರ ಬಗ್ಗೆ ನಾವು ಬೇಕಾದಷ್ಟು ಯೋಚನೆ ಮಾಡಿದ್ವಿ. ಒಬ್ಬರು ಇನ್ನೊಬ್ಬರಿಗೆ ಕೊಡಬಹುದು ಅನ್ನೋದು ಹೊಳೀಲೇ ಇಲ್ಲ," ಎಂದರು. "ಒಂದು ದಾರಿ ಇರಬಹುದು, ಆದರೆ ಪ್ರಯೋಗ ಮಾಡಿ ನೋಡಿಲ್ಲ. ಹಳೆಯ ಒಡೆಯನ ಬೆರಳಿನ ಕೆಳಗೆ ಹೊಸಬರ ಬೆರಳು ಇಡಬೇಕು. ಇಬ್ಬರೂ ಕೂಡಿ ಒತ್ತುತ್ತಾ ಇರಬೇಕು. ಆಮೇಲೆ ಹಳಬರು ಒಂದೊಂದೇ ಬೆರಳು ತೆಗೀಬೇಕು."

"ಅಷ್ಟ ಏನ್ರಿ ಮೇಡಂ?" ಎಂದಳು ದಾಕ್ಷಾಯಣಿ.

"ಅಷ್ಟೇ. ಆದರೆ ಬೆದರಿಸಿ ಕಿತ್ತುಕೊಳ್ಳಬಾರದಲ್ಲ, ಅದಕ್ಕೆ ತಂತುಗಳು ಸ್ನಾಯುವಿನ ಬಿಗಿತ ಅಳೀತಾವೆ. ಮನಸ್ಸಿಲ್ಲದ ಬೆರಳು ಎಷ್ಟು ಮೆತ್ತಗೆ ಎದ್ದರೂ ಅವುಕ್ಕೆ ಗೊತ್ತಾಗತ್ತೆ."

ಅಲ್ಲೇ ಮಾಡಿ ನೋಡಿದರು. ಬೆರಳುಗಳೆಲ್ಲ ಎದ್ದವು, ಹಸಿರು ದೀಪ ಆರಲಿಲ್ಲ. "ಹಾಗಾದರೆ ನನ್ನ ಲೆಕ್ಕ ತಪ್ಪಿರಬೇಕು," ಎಂದು ಡಾಕ್ಟರರು ಬೇಸರಪಟ್ಟರು.

"ಅಜ್ಜಾರ ಅಂಜ್ಯಾರ," ಎಂದರು ಇಮಾಮಸಾಬರು.

ಡಾಕ್ಟರರ ಲೆಕ್ಕ ಸರಿಯಾಗಿಯೇ ಇದೆ ಎಂಬುದು ಅಲ್ಲಿ ಫಕ್ಕೀರಪ್ಪನೊಬ್ಬನಿಗೇ ಗೊತ್ತಿತ್ತು.

ಆ ಯಂತ್ರವನ್ನೇ ಕೊಂಡು ಊರಿಗೆ ಮರಳಿದ ಮೇಲೆ ಅವನು ದಿನವೂ ನಸುಕಿನಲ್ಲಿ ಎದ್ದು, ವಿಭೂತಿ ಧರಿಸಿ, ಯಂತ್ರದ ಮುಚ್ಚಳ ತೆರೆಯುತ್ತಿದ್ದ. ಅವನ ಕೈ ಹತ್ತಿರ ಬಂದರೆ ಸಾಕು, ಬಿಸುಪು ತಿಳಿದು ಕೀಲಿಗಳು ಸಾಲಾಗಿ ತಲೆ ಎತ್ತುತ್ತಿದ್ದವು. ದನದ ಮನೆ ಬರಿದಾದಂದಿನಿಂದ ತನ್ನ ಹೆಜ್ಜೆಯ ಸಪ್ಪಳಕ್ಕೆ ಹೀಗೆ ತಲೆ ಎತ್ತಿದ ಜೀವ ಇನ್ನೊಂದಿರಲಿಲ್ಲ. ಇದು ಜೀವವಲ್ಲವೆಂದು ಅವನಿಗೂ ಗೊತ್ತು. ಆದರೂ ಎದುರಿಗೆ ಒಂದು ಹಿಡಿ ಹುಲ್ಲು ಇಡಬೇಕೆಂದು ಕೈ ತುಡಿಯುತ್ತಿತ್ತು. ಒಂದು ದಿನ ಇಟ್ಟೇಬಿಟ್ಟಿದ್ದ. ಅತ್ತಿಗೆ ಬೈದು ಗುಡಿಸಿದ್ದಳು.

"ಕೂಸಿನ ಪರೀಕ್ಷೆ ಮೂಗಿನ ತುದಿಗೆ ಬಂದೈತಿ, ಇಂವ ಲ್ಯಾಪ್‌ಟಾಪಿಗೆ ಮೇವು ಹಾಕಾಕ ಹತ್ಯಾನ!"

ಗುರುವಾರ ಬೆಳಗಿನ ಜಾವ ಅಡುಗೆಮನೆಯಿಂದ ಟಕಟಕ ಸದ್ದು ಕೇಳಿಸಿತು. ರೊಟ್ಟಿ ಬಡಿಯುವ ಹೊತ್ತಲ್ಲ ಅದು. ಫಕ್ಕೀರಪ್ಪ ಇಣುಕಿ ನೋಡಿದ. ದಾಕ್ಷಾಯಣಿ ರೊಟ್ಟಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ಕೀಲಿಗಳನ್ನು ಬರೆದುಕೊಂಡು, ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದಳು. ಹಲಗೆ ಬೆರಳನ್ನು ಎತ್ತಿ ಕೊಡುವುದಿಲ್ಲ, ತುದಿಗಳು ಕೆಂಪಾಗಿದ್ದವು. ಕಾಕಾನ ಮೇಲೆ ಅವಳು ಒಂದು ದಿನವೂ ಸಿಟ್ಟಾಗಿರಲಿಲ್ಲ. ಅವನು ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದ.

ಮುಂದೆ ಕಂಪನಿಯವರು ಪ್ರತಿ ಒಗ್ಗುಮಣೆಯ ಪೆಟ್ಟಿಗೆಯಲ್ಲೂ ಒಂದು ಪುಟ್ಟ ಟವೆಲ್ ಇಟ್ಟು ಮಾರತೊಡಗಿದರು. ಬಟ್ಟೆಗೂ ತಂತುವಿಗೂ ಸಂಬಂಧವಿಲ್ಲವೆಂದು ಡಾಕ್ಟರ್ ಇನಾಮದಾರರು ಎಷ್ಟು ಹೇಳಿದರೂ ಜನ ಕೇಳಲಿಲ್ಲ. ಟವೆಲ್ಲಿಲ್ಲದ ಲ್ಯಾಪ್‌ಟಾಪನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ಆಮೇಲಿನ ಮಾತು. ಆ ಬೆಳಿಗ್ಗೆ ಇದ್ದದ್ದು ಹೆಗಲ ಮೇಲಿನ ಒಂದೇ ಟವೆಲ್.

"ಬಾರವ್ವಾ, ಇನ್ನೊಂದು ಸಲ ನೋಡೂಣು," ಎಂದು ಅವನು ಕರೆದ.

"ಆಗೂದಿಲ್ಲ ಬಿಡು ಕಾಕಾ. ಮೇಡಂ ಲೆಕ್ಕಾನ ತಪ್ಪೈತಂತ."

"ಪಾಪ, ಆ ತಾಯಿನ ಯಾಕ ಅಂತಿ. ಕೈ ಕೊಡು."

ಅವಳ ಬೆರಳುಗಳನ್ನು ಕೀಲಿಗಳ ಮೇಲಿಟ್ಟು, ಅವುಗಳ ಮೇಲೆ ತನ್ನವನ್ನಿಟ್ಟು, ಎಲ್ಲದರ ಮೇಲೂ ಟವೆಲ್ ಹೊದಿಸಿದ. ಇಬ್ಬರೂ ಕೂಡಿ ಬಹಳ ಹೊತ್ತು ಒತ್ತಿದರು. ಹೊರಗೆ ಗಾಳಿ ಬೇವಿನ ಮರವನ್ನು ಅಲುಗಿಸುತ್ತಿತ್ತು. ಎತ್ತು ಮಾರಿದಾಗ ಕೊಂಡವನ ಕೈಯನ್ನು ಅದರ ಹಣೆಯ ಮೇಲಿಡಿಸಿ ಹೇಳುತ್ತಿದ್ದ ಮಾತನ್ನೇ ಅವನು ಕೀಲಿಗಳತ್ತ ಬಾಗಿ ಹೇಳಿದ: "ಇನ್ನ ಇಕಿ ನಿನ್ನ ಧಣಿ. ಚಂದಾಗಿ ದುಡಿ."

ಮೊದಲು ಕಿರುಬೆರಳುಗಳು ಎದ್ದವು. ಆಮೇಲೆ ಉಳಿದವು, ಒಂದೊಂದಾಗಿ. ಕೊನೆಯ ಹೆಬ್ಬೆರಳು ಅಂತರ ಬಿಡುವ ಉದ್ದನೆಯ ಕೀಲಿಯ ಮೇಲೆ ಒಂದು ಉಸಿರಿನಷ್ಟು ತಡೆಯಿತು. ಟವೆಲ್ಲಿನ ಕೆಳಗೆ ಅದನ್ನು ಯಾರೂ ಕಾಣಲಿಲ್ಲ. ಹಸಿರು ದೀಪ ಆರಿ ಮತ್ತೆ ಹೊತ್ತಿಕೊಂಡಿತು. ಫಕ್ಕೀರಪ್ಪ ಕೈ ಹೊರಗೆ ತೆಗೆದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಯಂತ್ರವನ್ನು ಮೆಲ್ಲಗೆ ಅವಳತ್ತ ಸರಿಸಿದ.